ಬೆಲ್ಲ ತಿಂದೂ ಆಡಿದ ಮಾತು

ನಮ್ಮ ಊರಿನಲ್ಲಿ ಮನೆಯನ್ನು ಯಾರೂ ಕಟ್ಟುವುದಿಲ್ಲ. ಉಳುವ ನೆಲದಲ್ಲಿ ಬೆಳಿಗ್ಗೆ ಒಂದು ಮರದ ಗೂಟ ಹೊಡೆದರೆ ಸೂರ್ಯ ಮುಳುಗುವಾಗ ಅದು ಬೇರು ಬಿಡುತ್ತದೆ. ಮರುದಿನ ಮೊಣಕಾಲೆತ್ತರಕ್ಕೆ ಗೋಡೆ ಎದ್ದಿರುತ್ತದೆ. ಮುಂದಿನ ಸಂತೆಯ ಹೊತ್ತಿಗೆ ಬಾಗಿಲು, ಕಿಟಕಿ, ಸೂರು ಎಲ್ಲವೂ ತಾವಾಗಿಯೇ ಬೆಳೆದು ನಿಂತಿರುತ್ತವೆ. ಹಲಸಿನ ಗೂಟಕ್ಕೆ ಅಗಲವಾದ ಜಗಲಿಯ ಮನೆ, ಬೇವಿನ ಗೂಟಕ್ಕೆ ತಂಪಾದ ಮನೆ, ಹುಣಸೆಯ ಗೂಟಕ್ಕೆ ತಲೆ ತಗ್ಗಿಸಿ ಒಳಹೋಗಬೇಕಾದ ಮನೆ. ಹೆಣ್ಣು ಕೊಡುವವರು ಮೊದಲು ಕೇಳುವುದು ಗೂಟ ಯಾವ ಮರದ್ದು ಎಂದು. ದನಗಳನ್ನು ನಾವು ಕಲ್ಲಿಗೋ ಬೆಳೆದ ಮರಕ್ಕೋ ಕಟ್ಟುತ್ತೇವೆ. ಹೊರ ಊರಿನಿಂದ ಬಂದ ಹೊಸ ಸೊಸೆಯೊಬ್ಬಳು ಇದನ್ನರಿಯದೆ ಗದ್ದೆಯಲ್ಲಿ ಗೂಟ ಹೊಡೆದು ಎಮ್ಮೆ ಕಟ್ಟಿ ಬಂದಳು. ಬೆಳಿಗ್ಗೆ ಎಮ್ಮೆ ನಾಲ್ಕು ಮೊಂಡುಗೋಡೆಗಳ ನಡುವೆ, ದಾಟುವ ಬಗೆ ತಿಳಿಯದೆ, ನಿಂತಿತ್ತು. ಆ ಮನೆಗೆ ಈಗಲೂ ಎಮ್ಮೆಮನೆ ಎಂದೇ ಹೆಸರು.

ಹೊಡೆದ ಗೂಟವನ್ನು ಹೊಡೆದವನ ಕೈಯೇ ಕೀಳಬೇಕು, ಅದೂ ಸೂರ್ಯ ಮುಳುಗುವ ಮೊದಲು. ಬೇರೆಯವರು ಎತ್ತು ಕಟ್ಟಿ ಎಳೆದರೂ ಅದು ಅಲುಗದು. ಒಮ್ಮೆ ಬೇರು ಬಿಟ್ಟ ಮೇಲೆ ಆ ನೆಲ ಮತ್ತೆ ನೇಗಿಲಿಗೆ ದಕ್ಕುವುದಿಲ್ಲ. ಮನೆಯ ಬೇರುಗಳು ಬದುವಿನ ಅಡಿಯಲ್ಲಿ ಹರಿದು ಕಾಲುವೆಯನ್ನೂ ಮುಚ್ಚಿಬಿಡುತ್ತವೆ. ಹೀಗೆ ಕೆರೆಯ ಕೆಳಗಿನ ಗದ್ದೆಬಯಲು ನನ್ನ ಕಣ್ಣೆದುರಿಗೇ ಅರ್ಧಕ್ಕಿಂತ ಕಡಿಮೆಯಾಯಿತು. ಊರ ಸಭೆಯವರು ನಿರ್ಣಯ ಮಾಡಿದರು. ‘ಇಲ್ಲಿ ಗೂಟ ಹೊಡೆಯಬಾರದು’ ಎಂದು ಬರೆಸಿ ಬಯಲಿನ ನಾಲ್ಕು ಮೂಲೆಗಳಲ್ಲಿ ಹಲಗೆ ನೆಟ್ಟರು. ಹಲಗೆಗಳ ಕಾಲುಗಳು ಮರದವು. ನಾಲ್ಕೂ ಬೇರು ಬಿಟ್ಟು ನಾಲ್ಕು ಕೋಣೆಗಳಾದವು. ಅಧ್ಯಕ್ಷರು ಅವಕ್ಕೆ ಬೀಗ ಹಾಕಿಸಿ ಸುಮ್ಮನಾದರು.

ಗೂಟ ಹೊಡೆದವನನ್ನು ಯಾರೂ ತಡೆಯದಿದ್ದುದಕ್ಕೆ ಕಾರಣ ಬೆಲ್ಲ. ಗೂಟ ಹೊಡೆಯುವವನು ಆ ಬೆಳಿಗ್ಗೆ ಅದೇ ಕಾಲುವೆಯ ನೀರುಣ್ಣುವ ಗದ್ದೆಗಳವರನ್ನೆಲ್ಲ ಬದುವಿಗೆ ಕರೆಯುತ್ತಾನೆ. ಹಿತ್ತಾಳೆಯ ತಟ್ಟೆಯಲ್ಲಿ ಕೊಬ್ಬರಿ ಬೆಲ್ಲ ಹಿಡಿಯುತ್ತಾನೆ. ತಿಂದವರು ಅಂದು ಹೊತ್ತು ಮುಳುಗುವವರೆಗೆ ಗೂಟದ ಮಾತೆತ್ತುವಂತಿಲ್ಲ. ತಿನ್ನದವರಿಗೆ ಆ ಮನೆಯೊಡನೆ ಹೆಣ್ಣು ಕೊಡುವುದು, ತರುವುದು, ಹಬ್ಬ, ಸಾವು ಎಲ್ಲವೂ ಅಲ್ಲಿಗೆ ಮುಗಿದಂತೆ. ತಟ್ಟೆ ಹಿಡಿದು ಬರುವವನು ಮಾವನೋ ಭಾವನೋ ಆಗಿರುತ್ತಾನೆ. ಆದ್ದರಿಂದ ಎಲ್ಲರೂ ತಿನ್ನುತ್ತಿದ್ದರು. ತಿಂದು ಮನೆಗೆ ಹೋಗಿ ಹೆಂಡತಿಯ ಮುಂದೆ ಬೈಯುತ್ತಿದ್ದರು.

ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವ ನೀರುಗಂಟಿ ಮಂಚಯ್ಯನು ಒಂದು ದಿನ ನನ್ನ ಮನೆಗೆ ಬಂದನು. ನಾನು ಊರ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಮಂಚಯ್ಯ ನನ್ನಲ್ಲಿ ಓದಿ ಫೇಲಾದವನು. ಮೆಟ್ಟಿಲ ಮೇಲೆ ಕುಳಿತು ಪೀಠಿಕೆಯಿಲ್ಲದೆ ಹೇಳಿದನು:

“ಮೇಷ್ಟ್ರೇ, ಈ ಊರಾಗೆ ಮೊಖ ನೋಡಿ ಇಲ್ಲ ಅನ್ನಕ್ಕೆ ಬರೋದು ನಿಮಗೊಬ್ರಿಗೇಯ. ನಮ್ಮಪ್ಪ ಕೋಳಿ ಹಿಡ್ಕೊಂಡು ಬಂದು ಕಾಲಿಗೆ ಬಿದ್ರೂ ನನ್ನ ಪಾಸ್ ಮಾಡ್ಲಿಲ್ಲ ನೀವು.”

“ಕೋಳಿ ತಂದದ್ದು ತಪ್ಪು,” ಎಂದೆನು.

“ತಪ್ಪೇಯ. ಅದ್ಕೇ ಬಂದಿವ್ನಿ. ಆ ಇಲ್ಲ ಅನ್ನೋದ ನಮ್ಮ ಜನಕ್ಕೆ ಕಲಿಸಿಕೊಡಿ. ಇನ್ನು ನಾಕು ಗೂಟ ಬಿದ್ರೆ ನಾನು ತೂಬು ಎತ್ತಿ ನೀರು ಬುಡಾದು ಯಾರ ಗದ್ದೆಗೆ? ಮನೆ ಜಗಲಿ ತೊಳಿಯಕ್ಕಾ?”

ನಾನು ಒಪ್ಪಿದೆನು. ಸಭೆಯವರು ಬೀಗ ಹಾಕಿದ್ದ ಕೋಣೆಗಳಲ್ಲಿ ಒಂದನ್ನು ತೆರೆಸಿಕೊಟ್ಟರು. ಕೇರಿಗೊಬ್ಬರಂತೆ ಹನ್ನೊಂದು ಮಂದಿ ಬಂದರು. ಕೇರಿಯಲ್ಲಿ ನಾಲ್ಕು ಜನ ಯಾರ ಮಾತು ಕೇಳುತ್ತಾರೋ ಅಂಥವರನ್ನೇ ಕಳುಹಿಸಿ ಎಂದು ನಾನು ಮೊದಲೇ ತಿಳಿಸಿದ್ದೆನು.

ಅವರಲ್ಲಿ ದೇವೀರಮ್ಮ ಒಬ್ಬಳು. ಅವಳೂ ಶಾಲೆಯಲ್ಲಿ ನನ್ನ ಶಿಷ್ಯೆಯಾಗಿದ್ದವಳು. ಐವತ್ತು ದಾಟಿದವಳು, ಕೆಳಕೇರಿಯ ಹೆಂಗಸರ ಸಂಘವನ್ನು ನಡೆಸುವವಳು, ಮಾತಿನ ಮಲ್ಲಿ. ಹೊಸ ಸೀರೆ ಉಟ್ಟ ದಿನ ತರಗತಿಗೆ ಬೇಕೆಂದೇ ತಡವಾಗಿ ಬಂದು ಎಲ್ಲರೆದುರು ನಡೆದು ಹೋಗಿ ಮುಂದಿನ ಸಾಲಿನಲ್ಲಿ ಕೂರುತ್ತಿದ್ದಳು. ನಾನು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಹೇಳುತ್ತಿದ್ದಳು. ಸಾಮಾನ್ಯವಾಗಿ ಅದು ತಪ್ಪಾಗಿರುತ್ತಿತ್ತು.

ನಾನು ಕಳೆಯುವ ಲೆಕ್ಕದಿಂದ ಆರಂಭಿಸಿದೆನು. ಕೂಡುವುದು ಎಲ್ಲರಿಗೂ ಪ್ರಿಯ. ಕಳೆಯುವುದನ್ನು ಮಕ್ಕಳು ಒಲ್ಲದ ಮನಸ್ಸಿನಿಂದ ಕಲಿಯುತ್ತಾರೆ, ದೊಡ್ಡವರಾದ ಮೇಲೆ ಮರೆಯುತ್ತಾರೆ. ಒಬ್ಬೊಬ್ಬರೂ ತಮ್ಮ ಕೇರಿಯ ಕಾಲುವೆಯುದ್ದಕ್ಕೂ ನಡೆದು, ಹಿಂದೆ ಗದ್ದೆಯಾಗಿದ್ದ ಮನೆಗಳನ್ನು ನೋಡಿ, ಆ ಗದ್ದೆಗಳ ಹೆಸರು ಹೇಳಬೇಕೆಂದು ಕೇಳಿದೆನು. ಹುಣಸೆಗುಂಡಿ, ಅಕ್ಕಯ್ಯನ ಮಡಿ, ಕೊಕ್ಕರೆ ಪಾಲು ಎಂದು ಅವರು ಹೇಳುತ್ತ ಹೋದಂತೆ ಕೋಣೆಯಲ್ಲಿ ಗದ್ದಲ ತಾನಾಗಿ ನಿಂತಿತು. ಅದಾದ ಮೇಲೆ ಬೆಲ್ಲದ ಅಭ್ಯಾಸ. ಮಂಚಯ್ಯ ತಟ್ಟೆ ಹಿಡಿದು ಮಾವನಾಗುವನು, ಷಡ್ಡಕನಾಗುವನು, ಅಳುವನು, ಗದರುವನು. ಶಿಷ್ಯರು ಬೇಡ ಎನ್ನಬೇಕು. ನನ್ನ ನಿಯಮಗಳು ಸರಳ. ಮೊದಲು ತಟ್ಟೆಯನ್ನು ನಿರಾಕರಿಸಬೇಕು. ಕಾರಣವನ್ನು ಒಂದೇ ಸಲ ಹೇಳಬೇಕು. ಬೈಯಬಾರದು. ಹೊತ್ತು ಮುಳುಗುವವರೆಗೆ ಬದುವಿನಿಂದ ಕದಲಬಾರದು.

“ಬೆಲ್ಲ ಚೆನ್ನಾಗೈತೆ ಮೇಷ್ಟ್ರೇ, ಯಾವ ಆಲೆಮನೇದು?” ಎಂದಳು ದೇವೀರಮ್ಮ ಮೊದಲ ದಿನ, ಬಾಯಲ್ಲಿ ತುಂಬಿಕೊಂಡೇ.

“ನೀನು ತಿನ್ನಬಾರದಿತ್ತು.”

“ಮಂಚನ ಕಳ್ಳ ಅಳು ನೋಡ್ಲಾರದೆ ತಿಂದೆ ಕಣ್ರಪ್ಪ. ಹಲ್ಲುನೋವು ಬಂದ ಎತ್ತು ಅತ್ತಂಗೆ ಅಳ್ತಾನೆ.”

ಮೊದಲ ಪರೀಕ್ಷೆ ಮೇಲುಕೇರಿಯ ಜವರೇಗೌಡನಿಗೆ ಬಂದಿತು. ಅವನು ತರಗತಿಯಲ್ಲಿ ಎಲ್ಲರಿಗಿಂತ ಗಟ್ಟಿಗ. ಅವನ ಸೋದರಮಾವ ಗೂಟ ಹೊಡೆದು ತಟ್ಟೆ ಹಿಡಿದಾಗ ನಾನು ಕಲಿಸಿದಂತೆಯೇ ತಟ್ಟೆಯನ್ನು ಬೇಡ ಎಂದನು, ಕಾರಣ ಹೇಳಿದನು, ನಿಂತನು. ಮಾವನು ಬೆಲ್ಲವನ್ನು ಕಾಲುವೆಗೆ ಸುರಿದು, “ನೀನು ನನಗೆ ಸತ್ತೆ, ಸತ್ತೋನ ಮಾತು ನಾನ್ಯಾಕೆ ಕೇಳ್ಲಿ?” ಎಂದು ಬೆನ್ನು ತಿರುಗಿಸಿ ಕುಳಿತನು. ಗೂಟ ಬೇರು ಬಿಟ್ಟಿತು. ಈಗ ಅಲ್ಲಿ ಮತ್ತಿಮರದ ಮನೆಯಿದೆ. ಜವರೇಗೌಡ ಮರುದಿನವೂ ತರಗತಿಗೆ ಬಂದನು, ಹಿಂದಿನ ಸಾಲಿನಲ್ಲಿ ಕುಳಿತನು. ಬಂದದ್ದೇ ದೊಡ್ಡದೆಂದು ನಾನು ಎಣಿಸಿದೆನು. ಆದರೆ ನನ್ನ ಮೊದಲ ನಿಯಮದಿಂದ ಗೂಟ ಮೇಲೆ ಬಂದಿರಲಿಲ್ಲ ಎಂಬುದು ಕೋಣೆಯಲ್ಲಿದ್ದ ಎಲ್ಲರಿಗೂ ತಿಳಿದಿತ್ತು.

ಆ ವಾರವೇ ಮಂಚಯ್ಯ ಸುದ್ದಿ ತಂದನು. ತೂಬಿನ ಬಾಯಿಯ ಗದ್ದೆಗೆ ಗೂಟ ಬೀಳಲಿದೆ. ಕೆರೆಯಿಂದ ಹೊರಟ ನೀರು ಮೊದಲು ಇಳಿಯುವುದು ಆ ಗದ್ದೆಗೆ. ಅಲ್ಲಿ ಮನೆ ಬೇರೂರಿದರೆ ಕೆಳಗಿನ ಬಯಲಿಗೆ ನೀರಿನ ದಾರಿಯೇ ಇಲ್ಲ. ಗದ್ದೆಯ ಒಡೆಯ ಬೋರಲಿಂಗಯ್ಯ. ದೇವೀರಮ್ಮನ ಒಡಹುಟ್ಟಿದ ಅಣ್ಣ.

ಅಂದು ಎಲ್ಲರೂ ಹೋದ ಮೇಲೆ ದೇವೀರಮ್ಮ ಉಳಿದುಕೊಂಡಳು.

“ಅಪ್ಪ ಅವ್ವ ಹೋದ ಮ್ಯಾಲೆ ನನಗೆ ತವರು ಅಂದ್ರೆ ಅವನೊಬ್ನೇಯ, ಮೇಷ್ಟ್ರೇ. ಗೌರಿ ಹಬ್ಬಕ್ಕೆ ಒಂದು ವರ್ಷಾನೂ ತಪ್ಪಿಸಿಲ್ಲ. ಸೀರೆ, ಬಳೆ, ಮೊರದ ಬಾಗಿನ, ಎಲ್ಲಾ ತಾನೇ ಹೊತ್ಕೊಂಡು ಬತ್ತಾನೆ. ಮಳೆ ಬಂದ್ರೆ ಸೀರೆ ನೆಂದಾತು ಅಂತ ಅಂಗಿ ಬಿಚ್ಚಿ ಸುತ್ಕೊಂಡು ಬತ್ತಾನೆ. ಈಗ ನಾನು ತಟ್ಟೆ ಬ್ಯಾಡ ಅಂದ್ರೆ?”

“ಬೇರೆ ಯಾರನ್ನಾದರೂ ಕಳುಹಿಸುತ್ತೇನೆ,” ಎಂದೆನು.

“ಬ್ಯಾರೆಯೋರ ಮಾತು ಅವ್ನು ಕೇಳ್ತಾನಾ? ನನ್ ಮಾತೇ ಕೇಳಾಕಿಲ್ಲ,” ಎಂದು ಎದ್ದು ಹೋದಳು.

ನಾಟಿಗೆ ಮುಂಚಿನ ದಿನಗಳು ನಮ್ಮಲ್ಲಿ ಗೂಟದ ಕಾಲ. ಗದ್ದೆ ಖಾಲಿ, ಮಣ್ಣು ಮೆತ್ತಗೆ. ಆ ಬೆಳಿಗ್ಗೆ ನಾನು ಛತ್ರಿ ಹಿಡಿದು ಬದುವಿಗೆ ಹೋದಾಗ ಬೋರಲಿಂಗಯ್ಯ ಗೂಟ ಹೊಡೆದಾಗಿತ್ತು. ತೋಳುದ್ದದ ಹಲಸಿನ ಗೂಟ. ಅವನು ದೊಡ್ಡ ಮೈಯ, ಸಂಕೋಚದ ಮನುಷ್ಯ. ತಟ್ಟೆಯನ್ನು ಎರಡೂ ಕೈಗಳಿಂದ ಹಿಡಿದು ಸಾಲಾಗಿ ನಿಂತವರ ಮುಂದೆ ಬರುತ್ತಿದ್ದನು. ಒಬ್ಬೊಬ್ಬರೂ ತೆಗೆದುಕೊಂಡರು. ದೇವೀರಮ್ಮ ಕೊನೆಯಲ್ಲಿ ನಿಂತಿದ್ದಳು. ನನ್ನ ಶಿಷ್ಯರೆಲ್ಲ ಅವಳ ಕೈಯನ್ನೇ ನೋಡುತ್ತಿದ್ದರು. ಬೋರಲಿಂಗಯ್ಯನೂ ನೋಡುತ್ತಿದ್ದನು.

ದೇವೀರಮ್ಮ ದೊಡ್ಡ ಉಂಡೆಯನ್ನೇ ಆರಿಸಿ ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು.

ನಾನು ಛತ್ರಿಯನ್ನು ಮಡಿಸಿದೆನು. ಹೊರಟುಬಿಡಬೇಕೆಂದಿದ್ದೆ. ಅವಳು ಅವಸರವಿಲ್ಲದೆ ಅಗಿದಳು, ನುಂಗಿದಳು, ಸೆರಗಿನಿಂದ ತುಟಿ ಒರೆಸಿಕೊಂಡಳು. ಆಮೇಲೆ ಹೇಳಿದಳು:

“ಬೆಲ್ಲ ಚೆನ್ನಾಗೈತೆ ಕಣಣ್ಣ. ಈಗ ಆ ಗೂಟ ಕೀಳು.”

ಬದುವಿನ ಮೇಲಿದ್ದವರೆಲ್ಲ ಒಟ್ಟಿಗೆ ಕೂಗಿದರು. ಬೆಲ್ಲ ತಿಂದ ಬಾಯಲ್ಲಿ ಮಾತಾಡಿದಳು! ಒಬ್ಬ ಮುದುಕಿ ನೆಟಿಗೆ ಮುರಿದಳು. ಬೋರಲಿಂಗಯ್ಯನ ಮುಖ ಕಪ್ಪಿಟ್ಟಿತು.

“ದೇವೀ, ತಿಂದ್ಯಲ್ಲವ್ವ!”

“ತಿಂದೆ. ಅಣ್ಣ ಕೈಯಾರೆ ಕೊಟ್ಟ ಬೆಲ್ಲ ಬ್ಯಾಡ ಅಂತೀನಾ? ಬೆಲ್ಲ ಕೊಟ್ಟೋನು ನನ್ನಣ್ಣ. ಗೂಟ ನನ್ನಣ್ಣ ಅಲ್ಲ.”

“ಹಂಗಂದ್ರೆ ಏನಾಯ್ತದೆ? ತಿಂದ ಮ್ಯಾಲೆ ಮಾತಾಡಂಗಿಲ್ಲ. ಅಪ್ಪನ ಕಾಲದಿಂದ್ಲೂ ಇಲ್ಲ.”

“ಅಪ್ಪನ ಕಾಲದಾಗೆ ಈ ಬಯಲು ಆ ಗುಡ್ಡದವರ್ಗೂ ಇತ್ತು. ಅದೂ ಈಗ ಇಲ್ಲ.”

ಅವಳು ಗದ್ದೆಗೆ ಇಳಿದು ಗೂಟದ ಪಕ್ಕದಲ್ಲಿ ಕೆಸರಿನಲ್ಲೇ ಕುಳಿತಳು. ಉಟ್ಟಿದ್ದು ಹೊಸ ಸೀರೆ. ಬೋರಲಿಂಗಯ್ಯ ಎದುರಿಗೆ ಬದುವಿನ ಮೇಲೆ ಕುಳಿತನು. ಜವರೇಗೌಡನ ಮಾವ ಬೆನ್ನು ತಿರುಗಿಸಿದಂತೆ ಇವನು ತಿರುಗಿಸಲಾರದಾದನು. ತನ್ನ ಕೈಯ ಬೆಲ್ಲ ತಿಂದವಳನ್ನು ಸತ್ತಳು ಎನ್ನುವುದಾದರೂ ಹೇಗೆ? ಅದಕ್ಕೆ ನಮ್ಮ ಊರಿನ ಕಟ್ಟಳೆಯಲ್ಲಿ ಮಾತಿರಲಿಲ್ಲ.

ಕಾರಣವನ್ನು ಒಂದೇ ಸಲ ಹೇಳಬೇಕೆಂಬ ನನ್ನ ನಿಯಮವನ್ನೂ ದೇವೀರಮ್ಮ ಪಾಲಿಸಲಿಲ್ಲ. ಬಿಸಿಲೇರುವವರೆಗೂ ಹೇಳಿದಳು. ಕೆಳಗೆ ಯಾರ ಯಾರ ಗದ್ದೆಯಿದೆ, ಯಾರ ಮನೆಯ ಬಾಣಂತಿಗೆ ಯಾರ ಗದ್ದೆಯ ಅಕ್ಕಿ ಹೋಗುತ್ತದೆ ಎಂದು ಹೆಸರು ಹಿಡಿದು ಹೇಳಿದಳು. ನಡುವೆ ಅಣ್ಣನ ತಲೆಗೆ ಬಿಸಿಲು ಬೀಳುತ್ತಿದೆಯೆಂದು ನನ್ನ ಛತ್ರಿಯನ್ನು ಕಿತ್ತುಕೊಂಡು ಅವನಿಗೆ ಕೊಟ್ಟಳು.

“ಕೆಳಗೆ ನಿನ್ನ ಗಂಡನ ಗದ್ದೆನೂ ಐತಲ್ಲ,” ಎಂದನು ಬೋರಲಿಂಗಯ್ಯ. “ಅದ ಯಾಕೆ ಹೇಳ್ತಿಲ್ಲ? ನಿನ್ನ ಮನೆ ಉಳಿಸ್ಕಳಕ್ಕೆ ನನ್ನ ಮಗನ ಮನೆ ಕೀಳಿಸ್ತೀಯ.”

“ಐತೆ. ಕೊಕ್ಕರೆ ಪಾಲಿನ ಪಕ್ಕಕ್ಕೇ ಐತೆ. ನನಗೂ ನೀರು ಬೇಕು. ಸುಳ್ಳು ಹೇಳಕ್ಕೆ ನಾನು ಕೆಸರಾಗೆ ಕೂರ್ಬೇಕಾಗಿರ್ಲಿಲ್ಲ, ಮನೇಲೇ ಹೇಳ್ಬೋದಿತ್ತು.”

ಮಂಚಯ್ಯ ನಕ್ಕನು. ಬೋರಲಿಂಗಯ್ಯ ನಗಲಿಲ್ಲ.

“ಬರೋ ತಿಂಗಳು ಹುಡುಗಿ ಕಡೆಯೋರು ಮನೆ ನೋಡಕ್ಕೆ ಬತ್ತಾರೆ ಕಣವ್ವ. ಹಳೇ ಮನೇಲಿ ದೊಡ್ಡೋನ ಸಂಸಾರವೇ ಹಿಡಿಸ್ತಿಲ್ಲ. ಚಿಕ್ಕೋನು ಎಲ್ಲಿಗೋಗಾನೆ? ಎತ್ತಿನ ಕೊಟ್ಟಿಗೇಲಿ ಸೊಸೆ ಇಳಿಸ್ಲಾ?”

ಅವನ ಧ್ವನಿ ಒಡೆಯಿತು. ಅದು ಮಂಚಯ್ಯನ ಅಳುವಿನಂತಿರಲಿಲ್ಲ. ನನ್ನ ತರಗತಿಯಲ್ಲಿ ಈ ಪ್ರಶ್ನೆಗೆ ಉತ್ತರ ಕೊಡುವ ಪಾಠವಿರಲಿಲ್ಲ.

“ನಮ್ಮತ್ತೆ ನನ್ನ ಹೆಸರಿಗೆ ಮಾಡಿದ ಕಲ್ಲುದಿಣ್ಣೆ ಐತಲ್ಲ. ಅದ ತಗೋ,” ಎಂದಳು ದೇವೀರಮ್ಮ.

“ಅಲ್ಲಿ ಹುರುಳೀನೂ ಹುಟ್ಟಾಕಿಲ್ಲ. ಗೂಟ ಬೇರು ಬುಟ್ಟಾತಾ?”

“ಬುಡಾಕಿಲ್ಲ. ಕೈಯಾಗೆ ಕಟ್ಟು.”

ಬದುವಿನ ಮೇಲಿದ್ದವರು ಗೊಳ್ಳೆಂದು ನಕ್ಕರು. ಕೈಯಲ್ಲಿ ಮನೆ ಕಟ್ಟುವುದು! ನಮ್ಮ ಊರಿನಲ್ಲಿ ಕೈಯಲ್ಲಿ ಕಟ್ಟುವುದು ಕೋಳಿಗೂಡನ್ನು. ಬೋರಲಿಂಗಯ್ಯ ಎದ್ದು ನಿಂತನು. ಅವನನ್ನು ಅಷ್ಟು ಸಿಟ್ಟಿನಲ್ಲಿ ನಾನೆಂದೂ ಕಂಡಿರಲಿಲ್ಲ.

“ಗೂಟ ಇಲ್ಲದ ಮನೆ ಅಂತ ಊರೆಲ್ಲ ಆಡ್ಕಳ್ಳಿ ಅಂತೀಯಾ? ಕಲ್ಲು ಹೊತ್ತು, ಮಣ್ಣು ತುಳಿದು?”

“ಹೂಂ. ನಾನೂ ಹೊರ್ತೀನಿ.”

“ನೀನು ಹೊರಬ್ಯಾಡ.” ಅವನು ಪಶ್ಚಿಮಕ್ಕೆ ನೋಡಿದನು. ಬಿಸಿಲು ಆಗಲೇ ಓರೆಯಾಗಿತ್ತು. “ಕೇಳ್ಕೊ ದೇವೀ. ನಾನು ಈ ಗೂಟ ಕಿತ್ತರೆ, ಕಿತ್ತ ಗಳಿಗೆಯಿಂದ ನಿನಗೆ ತವರು ಇಲ್ಲ. ನನ್ನ ಬಾಗಿಲಿಗೆ ನೀನು ಬರಬ್ಯಾಡ, ನಿನ್ನ ಬಾಗಿಲಿಗೆ ನಾನು ಬರಾಕಿಲ್ಲ. ಈಗ್ಲೂ ಕೀಳು ಅಂತೀಯಾ?”

ನಗು ನಿಂತಿತು. ನನ್ನ ಶಿಷ್ಯರಲ್ಲಿ ಒಬ್ಬಳು, “ಸಾಕು ಬಾ ಅಕ್ಕಾ,” ಎಂದು ಮೆಲ್ಲನೆ ಕರೆದಳು. ಗೂಟದ ಬುಡದಲ್ಲಿ ಮಣ್ಣು ಆಗಲೇ ಸಣ್ಣಗೆ ಬಿರಿಯುತ್ತಿತ್ತು. ದೇವೀರಮ್ಮ ಅದರತ್ತ ನೋಡಿದಳು. ಕೆಳಗಿನ ಬಯಲಿನತ್ತ ನೋಡಿದಳು. ಕೊನೆಗೆ ಅಣ್ಣನ ಮುಖ ನೋಡಿದಳು.

“ಕೀಳಣ್ಣ,” ಎಂದಳು.

ಬೋರಲಿಂಗಯ್ಯ ಗದ್ದೆಗೆ ಇಳಿದು ಗೂಟಕ್ಕೆ ಎರಡೂ ಕೈ ಹಾಕಿದನು. ಅದು ಸುಲಭವಾಗಿ ಬರಲಿಲ್ಲ. ಬಂದಾಗ ಅದರ ತುದಿಯಲ್ಲಿ ಬಿಳಿಯ ಬೇರುಗಳು ಎಳೆಯ ಪೈರಿನ ಬೇರಿನಂತೆ ಜೋತಾಡುತ್ತಿದ್ದವು. ಅವನು ಅದನ್ನು ಹೆಗಲ ಮೇಲಿಟ್ಟುಕೊಂಡು, ಖಾಲಿ ತಟ್ಟೆಯನ್ನು ಅಲ್ಲೇ ಬಿಟ್ಟು, ಯಾರ ಮುಖವನ್ನೂ ನೋಡದೆ ಹೊರಟು ಹೋದನು. ದೇವೀರಮ್ಮ ತಟ್ಟೆಯನ್ನು ಕಾಲುವೆಯಲ್ಲಿ ತೊಳೆದು ಬದುವಿನ ಮೇಲೆ ಬೋರಲು ಹಾಕಿದಳು. ಅಳಲಿಲ್ಲ. ನನ್ನ ಛತ್ರಿಯನ್ನು ತಂದುಕೊಟ್ಟು, “ಹೊತ್ತಾಯ್ತು, ಮನೆಗೋಗಿ ಮೇಷ್ಟ್ರೇ,” ಎಂದಳು.

ನಾನು ಹೊಗಳಿಕೆಯನ್ನು ಹೆಚ್ಚು ಬಳಸಿದವನಲ್ಲ. ಮರುದಿನ ತರಗತಿಯಲ್ಲಿ ನನ್ನ ಮೊದಲ ನಿಯಮವನ್ನು ಕರಿಹಲಗೆಯಿಂದ ಒರೆಸಿದೆನು. ತಟ್ಟೆಯನ್ನೂ ಗೂಟವನ್ನೂ ನಾನು ಒಂದೇ ಲೆಕ್ಕವೆಂದು ಕಲಿಸಿದ್ದೆ. ಅವಳು ಅವನ್ನು ಬೇರೆ ಬೇರೆಯಾಗಿ ಮಾಡಿ ತೋರಿಸಿದಳು, ಎರಡನೆಯದರ ಬೆಲೆಯನ್ನೂ ತಾನೇ ತೆತ್ತಳು. ಇದಕ್ಕಿಂತ ದೊಡ್ಡ ಧೈರ್ಯವನ್ನು ನಾನು ಈ ಊರಿನಲ್ಲಿ ಕಂಡಿಲ್ಲ. ಇಷ್ಟನ್ನು ಎಲ್ಲರೆದುರು ಹೇಳಿದೆನು. ಅವಳು ತಲೆ ತಗ್ಗಿಸಲಿಲ್ಲ. “ಇನ್ನೊಂದ್ಸಲ ಹೇಳಿ ಮೇಷ್ಟ್ರೇ, ಹಿಂದಿನ ಸಾಲಿಗೆ ಕೇಳಿಸ್ಲಿಲ್ಲ,” ಎಂದಳು. ನಾನು ಹೇಳಲಿಲ್ಲ.

ಆ ಕಾಲದಲ್ಲಿ ಇನ್ನೂ ಹಲವು ಗೂಟಗಳು ಬಿದ್ದವು. ನನ್ನ ಶಿಷ್ಯರು ಬೆಲ್ಲ ತಿಂದು ಮಾತಾಡಿದರು. ಕೆಲವು ಗೂಟಗಳು ಮೇಲೆ ಬಂದವು, ಕೆಲವು ಬರಲಿಲ್ಲ. ಜವರೇಗೌಡ ತನ್ನ ಷಡ್ಡಕನ ಎದುರು ಕೆಸರಿನಲ್ಲಿ ಕುಳಿತು ಗೆದ್ದನು. ಮುಂದಿನ ಸಾಲಿಗೆ ಮರಳಿದನು. ಕೆಳಗಿನ ಬಯಲಿಗೆ ನೀರು ಹೋಯಿತು, ನಾಟಿಯಾಯಿತು. ಗೌರಿ ಹಬ್ಬ ಬಂದಿತು. ದೇವೀರಮ್ಮ ಬಾಗಿಲಿಗೆ ರಂಗೋಲಿ ಹಾಕಿ ಜಗಲಿಯಲ್ಲಿ ಕುಳಿತಿದ್ದಳು. ಬೋರಲಿಂಗಯ್ಯ ಬರಲಿಲ್ಲ. ಅಂದು ಸಂಜೆ ಅವಳು ತರಗತಿಗೆ ಹಳೆಯ ಸೀರೆಯಲ್ಲಿ, ಹೊತ್ತಿಗೆ ಸರಿಯಾಗಿ ಬಂದಳು.

ಕೊಯ್ಲು ಮುಗಿದ ಮೇಲೆ ಮಂಚಯ್ಯ ಓಡಿ ಬಂದು, ಬೋರಲಿಂಗಯ್ಯ ಕಲ್ಲುದಿಣ್ಣೆಯಲ್ಲಿ ಕಲ್ಲು ಹೊರುತ್ತಿದ್ದಾನೆ ಎಂದನು. ಹುಡುಗಿಯ ಕಡೆಯವರು ಸಂಬಂಧ ಬಿಟ್ಟಿರಲಿಲ್ಲ. ಮನೆ ಯಾವಾಗ ಆದೀತು ಎಂದಷ್ಟೇ ಕೇಳಿಕಳುಹಿಸಿದ್ದರಂತೆ. ದೇವೀರಮ್ಮನನ್ನು ಅವನು ಕೇಳಿರಲಿಲ್ಲ, ಅವಳು ಅಂದು ಕೊಟ್ಟ ಮಾತನ್ನೇ ಹಿಡಿದು ದಿಣ್ಣೆ ಹತ್ತಿದ್ದನು. ಊರವರು ದಾರಿಯಲ್ಲಿ ನಿಂತು ಕೋಳಿಗೂಡು ಎಷ್ಟು ಎತ್ತರ ಎಂದು ಕೂಗುತ್ತಿದ್ದರು. ಅಪ್ಪ ಮಗ ಇಬ್ಬರಿಗೂ ಗೋಡೆ ಕಟ್ಟುವುದು ತಿಳಿಯದು. ಮೂರು ಸಲ ಎತ್ತಿದ ಗೋಡೆ ಮೂರು ಸಲವೂ ಬಿದ್ದಿತು.

ದೇವೀರಮ್ಮ ಮರುದಿನ ತಲೆಗೆ ಸಿಂಬೆ ಇಟ್ಟುಕೊಂಡು ದಿಣ್ಣೆಗೆ ಹೋದಳು. ಕೆಳಗಿನಿಂದ ಒಂದು ಕಲ್ಲು ಹೊತ್ತು ತಂದು ಇಟ್ಟಳು. ಅಣ್ಣ ಮುಖ ತಿರುಗಿಸಿದನು. ಅವಳು ಇನ್ನೊಂದು ತಂದಳು. ಸಂಜೆಯವರೆಗೆ ಇಬ್ಬರ ನಡುವೆ ಮಾತಿಲ್ಲ. ಅದರ ಮರುದಿನವೂ ಹಾಗೆಯೇ. ಅವನ ಹೆಂಡತಿ ಅಂಬಲಿ ತಂದರೆ ಅವಳಿಗೆ ಕೊಡಲೋ ಬೇಡವೋ ತಿಳಿಯದೆ ನಡುವೆ ಒಂದು ಕಲ್ಲಿನ ಮೇಲೆ ಇಟ್ಟು ಹೋಗುತ್ತಿದ್ದಳು. ದೇವೀರಮ್ಮ ಕುಡಿದು, ಚೊಂಬು ತೊಳೆದು, ಅದೇ ಕಲ್ಲಿನ ಮೇಲೆ ಇಡುತ್ತಿದ್ದಳು. ವಾರ ಕಳೆಯಿತು. ನಾನೂ ಕೆಲವು ದಿನ ದಿಣ್ಣೆಯವರೆಗೆ ನಡೆದು ಹೋಗಿ ಬಂದೆನು. ಗೋಡೆ ನೆಟ್ಟಗಿದೆಯೇ ಎಂದು ನೋಡಲು ನೂಲುಗುಂಡು ಕಟ್ಟಿಕೊಟ್ಟೆನು. ಅದನ್ನು ಬೋರಲಿಂಗಯ್ಯ ನನ್ನ ಕೈಯಿಂದ ತೆಗೆದುಕೊಂಡನು. ತಂಗಿಯ ಹೆಸರು ಎತ್ತಲಿಲ್ಲ.

ಒಂದು ದಿನ ನಾನು ಅಲ್ಲಿದ್ದಾಗಲೇ ಅವಳು ದೊಡ್ಡದೊಂದು ಕಲ್ಲು ಹೊತ್ತು ಬಂದಳು. ಸೊಂಟ ಹಿಡಿದು ಏದುಸಿರು ಬಿಡುತ್ತ ಈಶಾನ್ಯದ ಮೂಲೆಯಲ್ಲಿ ಇಳಿಸಿದಳು. ಬೋರಲಿಂಗಯ್ಯ ಮಣ್ಣು ಕಲಸುತ್ತಿದ್ದ ಕೈಯನ್ನು ನಿಲ್ಲಿಸಿದನು. ಕಲ್ಲನ್ನು ನೋಡಿದನು. ಅವನಿಗೆ ತಡೆಯಲಾಗಲಿಲ್ಲವೆಂದು ತೋರುತ್ತದೆ.

“ಅಲ್ಲಲ್ಲ ಕಣವ್ವ, ಇಲ್ಲಿಡು,” ಎಂದನು.

ಅವನ ಮಗ ಹಾರೆಯನ್ನು ಕೆಳಗಿಟ್ಟನು. ನಾನು ಬೇರೆ ಕಡೆ ನೋಡಿದೆನು. ದೇವೀರಮ್ಮ ಕಲ್ಲಿನ ಮೇಲೆ ಕುಳಿತುಕೊಂಡು ಸೆರಗಿನಿಂದ ಮುಖ ಒರೆಸಿದಳು. ಒರೆಸುವುದಕ್ಕೆ ಬೆವರಿಗೆ ಬೇಕಾದುದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡಳು. ಆಮೇಲೆ ಅಣ್ಣನ ಮುಖ ನೋಡಿ ಹೇಳಿದಳು:

“ಇಲ್ಲ ಕಣಣ್ಣ. ಅದು ಇಲ್ಲೇ ಇರ್ಲಿ. ಮೂಲೆಗೆ ದೊಡ್ಡ ಕಲ್ಲೇ ಬೇಕು.”

ಬೋರಲಿಂಗಯ್ಯ ಅವಳನ್ನೂ ಮೂಲೆಯನ್ನೂ ಒಮ್ಮೆ ನೋಡಿದನು. ನೂಲುಗುಂಡನ್ನು ಎತ್ತಿಕೊಂಡು, “ಏಳು ಮತ್ತೆ, ನೀ ಕೂತ್ರೆ ಹೆಂಗೆ ಇಡಾದು,” ಎಂದು ಬೈದು, ಅವಳು ಎದ್ದ ಮೇಲೆ ಆ ಕಲ್ಲಿನಿಂದಲೇ ಮೂಲೆಯ ಗೋಡೆ ಆರಂಭಿಸಿದನು.